ಒಂದು ಇಡೀ ಮಹಾನಗರ ಎಷ್ಟು ಮಾಲಿನ್ಯ ಹೊರಬಿಡುತ್ತದೆ ಎಂದು ಅಳೆಯುವುದು ಹೇಗೆ?

ಬೀದಿಬದಿಯ ಮಾಪಕ ಹೇಳುವುದು ಅಲ್ಲಿನ ಸಾಂದ್ರತೆ ಮಾತ್ರ, ನಗರದ ಒಟ್ಟು ಹೊರಸೂಸುವಿಕೆಯಲ್ಲ. ಅದಕ್ಕೆ ಒಂದು ದಾರಿ ವಿಮಾನ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 2010ರಿಂದ ನಡೆದ ಅಧ್ಯಯನದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಪುಟ್ಟ ವಿಮಾನ ಇದನ್ನೇ ಮಾಡಿತು. ಸಪಾಟು ನೆಲ, ಅಕ್ಕಪಕ್ಕ ಬೇರೆ ದೊಡ್ಡ ಊರಿಲ್ಲ, ಆಯ್ಕೆ ಜಾಣತನದ್ದು.

ಗಾಳಿ ಊರು ದಾಟಿ ಹೋಗುವ ಕಡೆ, ಅದಕ್ಕೆ ಅಡ್ಡಲಾಗಿ ಬೇರೆ ಬೇರೆ ಎತ್ತರದಲ್ಲಿ ಹಾರಿ, ಪರದೆ ಹಾಸಿದಂತೆ ಸಾಂದ್ರತೆ ದಾಖಲಿಸುತ್ತಾರೆ. ಹಿನ್ನೆಲೆ ಮಟ್ಟ, ಅಂದರೆ ಊರಿನ ಹೊಗೆ ಸೇರದ ಗಾಳಿಯಲ್ಲಿರುವ ಪ್ರಮಾಣ, ಕಳೆದು, ಉಳಿದದ್ದನ್ನು ಪರದೆಯನ್ನು ನೇರವಾಗಿ ದಾಟುವ ಗಾಳಿಯ ವೇಗ, ಪರದೆಯ ಅಗಲ, ಎತ್ತರಗಳಿಂದ ಗುಣಿಸಬೇಕು. ಕಲ್ಪಿತ ಲೆಕ್ಕ: ಕಾರ್ಬನ್ ಡೈಆಕ್ಸೈಡ್ ಸರಾಸರಿ 2 ಪಿಪಿಎಂ (ಹತ್ತು ಲಕ್ಷ ಅಣುಗಳಲ್ಲಿ 2) ಹೆಚ್ಚಿದೆ, ಅಂದರೆ ಘನ ಮೀಟರಿಗೆ ಸುಮಾರು 80 ಮೈಕ್ರೋಮೋಲ್ (ಮೋಲ್ ಎಂದರೆ ಅಣುಗಳ ಎಣಿಕೆಯ ಅಳತೆ, ಮೈಕ್ರೋಮೋಲ್ ಅದರ ಹತ್ತು ಲಕ್ಷದಲ್ಲೊಂದು ಭಾಗ). ಅಗಲ 30 ಕಿ.ಮೀ., ಎತ್ತರ 1 ಕಿ.ಮೀ., ಗಾಳಿ ಸೆಕೆಂಡಿಗೆ 5 ಮೀಟರ್. ಉತ್ತರ ಸೆಕೆಂಡಿಗೆ 12,000 ಮೋಲ್, ಸುಮಾರು ಅರ್ಧ ಟನ್.

ಎಡವುವುದು ಹಿನ್ನೆಲೆಯಲ್ಲಿ. 400ಕ್ಕೂ ಮೀರಿದ ಮಟ್ಟದಲ್ಲಿ 1 ಪಿಪಿಎಂ ತಪ್ಪಿದರೂ ಮೇಲಿನ ಉತ್ತರ ಅರ್ಧದಷ್ಟು ಕೆಡುತ್ತದೆ. ಹಾಗಾಗಿ ಅದೇ ಹಾರಾಟದಲ್ಲಿ, ಹೊಗೆಪಟ್ಟಿಯ ಎರಡೂ ಅಂಚಿನಾಚೆಗೆ ಹೋಗಿ ಹಿನ್ನೆಲೆ ತೆಗೆಯುವುದು ಮೇಲು. ಮಧ್ಯಾಹ್ನವೇ ಹಾರಬೇಕು: ನೆಲದ ಮೇಲೆ ಗಾಳಿ ಚೆನ್ನಾಗಿ ಕಲಸಿಕೊಳ್ಳುವ ಮಿಶ್ರಣ ಪದರ ಬೆಳಿಗ್ಗೆ ಇನ್ನೂ ಬೆಳೆಯುತ್ತಿರುತ್ತದೆ, ಹೊಗೆ ವಿಮಾನಕ್ಕೆ ಸಿಗದಷ್ಟು ಕೆಳಗೇ ಉಳಿದಿರಬಹುದು. ಗಾಳಿ ತೀರಾ ಮಂದವಾದರೆ ಆ ದಿನ ಬಿಟ್ಟುಬಿಡಿ.