ಕೈತೋಟ ಪ್ರಶ್ನೋತ್ತರ: ಮನೆಯೊಳಗಿನ ಕೀಟಾಹಾರಿ ಗಿಡಗಳಿಗೆ ತಂಪು, ತೇವ, ಗಾಳಿ

ಪ್ರಶ್ನೆ: ಮೂರು ಅಡಿ ಉದ್ದದ ಹಳೆಯ ಅಕ್ವೇರಿಯಂನಲ್ಲಿ ಬೆಟ್ಟದ ಜಾತಿಯ ಎರಡು ನೆಪೆಂಥಿಸ್ ಗಿಡ ಇಟ್ಟಿದ್ದೇವೆ. ಎಲೆ ಬರುತ್ತಿದೆ, ಎಲೆಯ ತುದಿಯಲ್ಲಿ ಕೀಟ ಹಿಡಿಯುವ ಹೂಜಿ ಕಟ್ಟುತ್ತಿಲ್ಲ. ಎಲೆಯ ತುದಿಬಳ್ಳಿ ಕಪ್ಪಾಗಿ ಒಣಗುತ್ತದೆ. ಮಂಜು ಚಿಮ್ಮಿಸುವ ಫಾಗರ್ ಹಾಕಿದ ಮೇಲೆ ತೇವಾಂಶ ಶೇ 90 ಇದೆ. ಹಗಲು 32 ಡಿಗ್ರಿ, ರಾತ್ರಿ 28. ಇನ್ನೊಂದು ಫಾಗರ್ ಬೇಕೇ?
– ಓದುಗರು, ಡೊಂಬಿವಲಿ

ಉತ್ತರ: ಬೇಡ. ಇರುವುದನ್ನೂ ತೆಗೆದುಬಿಡಿ. ತೊಂದರೆ ರಾತ್ರಿಯ 28 ಡಿಗ್ರಿಯದು.

ಬೋರ್ನಿಯೊ, ಸುಮಾತ್ರಾದ ಬೆಟ್ಟಗಳಲ್ಲಿ, ಸುಮಾರು ಸಾವಿರ ಮೀಟರಿಗಿಂತ ಮೇಲೆ ಬೆಳೆಯುವ ಗಿಡಗಳಿವು. ಅಲ್ಲಿ ಹಗಲು 22ರಿಂದ 26 ಡಿಗ್ರಿ ಇದ್ದರೂ ರಾತ್ರಿ 12–15ಕ್ಕೆ ಇಳಿಯುತ್ತದೆ. ರಾತ್ರಿಯೂ ಸೆಕೆಯಾದರೆ ಗಿಡದ ಉಸಿರಾಟ ಜೋರಾಗಿ, ಹಗಲಿಡೀ ತಯಾರಿಸಿದ ಸಕ್ಕರೆ ಅದಕ್ಕೇ ಖರ್ಚಾಗುತ್ತದೆ. ಹೂಜಿಗೆ ಏನೂ ಮಿಗುವುದಿಲ್ಲ.

ನೀರು ಆವಿಯಾದರೆ ಗಾಳಿ ತಣಿಯುವುದು ನಿಜ. ಆದರೆ ಆವಿಯನ್ನು ಹೀರಿಕೊಳ್ಳುವಷ್ಟು ಗಾಳಿ ಒಣಗಿರಬೇಕಲ್ಲ! ಮುಂಬೈ ಕಡೆ ಮೇ ತಿಂಗಳಲ್ಲಿ 33 ಡಿಗ್ರಿ, ಶೇ 65 ತೇವಾಂಶ ಇರುವಾಗ ಆವಿಯಿಂದ ಇಳಿಸಬಹುದಾದ ಮಿತಿ 27.5ರ ಆಸುಪಾಸು. ಈಗಾಗಲೇ ಶೇ 90 ತುಂಬಿದ ತೊಟ್ಟಿಯಲ್ಲಿ ಅಷ್ಟೂ ಇಳಿಯದು. ಫಾಗರಿನ ಬಿಸಿ ನೀರಿಗೆ ಸೇರುವುದೊಂದೇ ಲಾಭ.

ಮಲಗುವ ಕೋಣೆಯಲ್ಲಿ ಎಸಿ ಇದ್ದರೆ ತೊಟ್ಟಿಯನ್ನು ಅಲ್ಲಿಗೆ ಸಾಗಿಸಿ, ಗಾಳಿ ನೇರ ಬಡಿಯದ ಮೂಲೆಯಲ್ಲಿಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಸಿ 20ರಲ್ಲಿರಲಿ. ಎಸಿ ಗಾಳಿ ಒಣ, ಕೋಣೆಯ ತೇವಾಂಶ ಶೇ 50ರ ಹತ್ತಿರ ಬರಬಹುದು. ಆದ್ದರಿಂದ ಮುಚ್ಚಳ ಬೇಕೇ ಬೇಕು, ಎರಡು ಬೆರಳು ಸಂದು ಬಿಟ್ಟು. ದೀಪ ಆರಿದ ಮೇಲೂ ಗಾಜಿನೊಳಗಿನ ಬಿಸಿ ಬೇಗ ಇಳಿಯುವುದಿಲ್ಲ. ಕಂಪ್ಯೂಟರಿನ 120 ಮಿ.ಮೀ., 12 ವೋಲ್ಟ್ ಫ್ಯಾನ್ ಒಂದನ್ನು ಮುಚ್ಚಳದಲ್ಲಿ ಕೂರಿಸಿ, ಎಸಿ ಹಾಕಿ ಅರ್ಧ ಗಂಟೆಯಾದ ಮೇಲೆ ಒಂದು ಗಂಟೆ ಕೋಣೆಯ ತಂಪು ಗಾಳಿಯನ್ನು ಒಳಗೆಳೆಯುವಂತೆ ಟೈಮರ್ ಇಡಿ. ಆಮೇಲೆ ತಳದ ತಟ್ಟೆಯ ನೀರು ತೇವಾಂಶವನ್ನು ತಾನಾಗಿ ಶೇ 75ರ ಮೇಲಕ್ಕೆ ಏರಿಸುತ್ತದೆ. ಎಲ್ಇಡಿಯ ಡ್ರೈವರ್, ಅಂದರೆ ದೀಪಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ, ತೊಟ್ಟಿಯ ಹೊರಗಿರಲಿ. ಅದು ಒಳಗಿದ್ದರೆ ಬಿಸಿಯೂ ಹೌದು, ತುಕ್ಕೂ ಹೌದು.

ನೆಪೆಂಥಿಸ್ ಜಾತಿಗಳಲ್ಲಿ ವೆಂಟ್ರಿಕೋಸಾ ಮತ್ತು ಅದರ ಮಿಶ್ರತಳಿಗಳಿಗೆ ರಾತ್ರಿ 20 ಸಾಕು. ರಾಜಾ, ವಿಲ್ಲೋಸಾದಂಥವಕ್ಕೆ ಸಾಲದು. ಅವನ್ನೇ ಬೆಳೆಸುವ ಹಟವಿದ್ದರೆ ಹಳೆಯ ಡೀಪ್ ಫ್ರೀಜರ್ ಅಥವಾ ಅಂಗಡಿಗಳಲ್ಲಿ ತಂಪುಪಾನೀಯ ಇಡುವ ಗಾಜಿನ ಬಾಗಿಲಿನ ಫ್ರಿಜ್ಜು ನೋಡಿ. ಅದರ ಪ್ಲಗ್ಗು ಎಸ್‌ಟಿಸಿ-1000 ಮಾದರಿಯ ಥರ್ಮೋಸ್ಟ್ಯಾಟ್ (ಉಷ್ಣತೆ ನೋಡಿ ಕರೆಂಟು ಹಾಕಿ ಆರಿಸುವ ಸಾಧನ) ಮೂಲಕ ಹೋಗಬೇಕು. ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ವಿಚಾರಿಸಿ. ರಾತ್ರಿಗೆ 14 ಡಿಗ್ರಿ ಇಡಿ. ಅದರ ಸೆಟ್ಟಿಂಗುಗಳಲ್ಲಿ ಎಫ್2, ಅಂದರೆ ಏರಿಳಿತದ ಅಂತರ, 2 ಡಿಗ್ರಿ. ಎಫ್3, ಕಂಪ್ರೆಸರ್ ಮತ್ತೆ ಶುರುವಾಗುವ ಮುಂಚಿನ ವಿರಾಮ, 5 ನಿಮಿಷ. ಅಂತರ ಅರ್ಧ ಡಿಗ್ರಿ ಇಟ್ಟರೆ ಕಂಪ್ರೆಸರ್ ಪದೇ ಪದೇ ಹೊತ್ತಿ ಆರಿ ಸುಟ್ಟುಹೋದೀತು. ಸೆನ್ಸರ್ ಎಲೆಗಳ ಮಟ್ಟದಲ್ಲಿ ತೂಗಾಡಲಿ, ಗೋಡೆಗೆ ತಾಗಬಾರದು. ಹಗಲಿನ ಉಷ್ಣತೆಯನ್ನೂ 26 ದಾಟಲು ಬಿಡಬೇಡಿ. ಅದಕ್ಕೆ ಟೈಮರಿನಿಂದ ಬದಲಾಗುವ ಎರಡನೆಯ ಥರ್ಮೋಸ್ಟ್ಯಾಟ್ ಬೇಕಾಗುತ್ತದೆ.

ಇಲ್ಲಿ ಕೆಡುವುದು ಎರಡು ಕಡೆ. ಫ್ರೀಜರಿನ ಗೋಡೆಯಲ್ಲೇ ತಂಪು ಕೊಳವೆ ಇರುವುದರಿಂದ ತಾಗಿದ ಎಲೆ ಹಿಮಕ್ಕೆ ಬೆಂದು ಗಾಜಿನಂತೆ ಪಾರದರ್ಶಕವಾಗುತ್ತದೆ. ಸುತ್ತಲೂ 5 ಸೆಂ.ಮೀ. ಜಾಗ ಬಿಡಿ. ಮಳೆಗಾಲದಲ್ಲಿ ಗಾಜಿನ ಬಾಗಿಲು ಹೊರಗಡೆ ಬೆವರಿ ನೆಲಕ್ಕೆ ನೀರಿಳಿಯುತ್ತದೆ. ಕೆಳಗೆ ತಟ್ಟೆ ಇಡಬೇಕು. ಕರೆಂಟು ಹರಿಸಿದರೆ ಒಂದು ಬದಿ ತಣಿಯುವ ಪೆಲ್ಟಿಯರ್ ಚಿಪ್ಪಿನ ಗೋಜಿಗೆ ಹೋಗಬೇಡಿ. ಒಂದೊಂದು 60 ವ್ಯಾಟ್ ತಿಂದರೂ ಇಷ್ಟು ದೊಡ್ಡ ತೊಟ್ಟಿಯನ್ನು ತಣಿಸದು.

ಎಸಿಯೂ ಇಲ್ಲ, ಫ್ರಿಜ್ಜಿಗೆ ಜಾಗವೂ ಇಲ್ಲವೆಂದರೆ ಗಿಡವನ್ನೇ ಬದಲಿಸುವುದು ಜಾಣತನ. ವೆಂಟ್ರಾಟಾ, ರಾಫ್ಲೇಸಿಯಾನಾ, ಆಂಪುಲ್ಲಾರಿಯಾ ಡೊಂಬಿವಲಿಯ ಬಾಲ್ಕನಿಯಲ್ಲೇ ಹೂಜಿ ಕಟ್ಟುತ್ತವೆ. ಮೇಘಾಲಯದ ಖಾಸಿಯಾನಾ, ನಮ್ಮ ದೇಶದ ಒಂದೇ ನೆಪೆಂಥಿಸ್, ಅದೂ ಸೆಕೆ ತಾಳುತ್ತದೆ. ನರ್ಸರಿಯಲ್ಲಿ ಬೆಳೆಸಿದ್ದನ್ನೇ ಕೊಳ್ಳಿ. ಕಾಡಿನಿಂದ ಕಿತ್ತು ತಂದದ್ದು ಅಪರಾಧ.

ಪ್ರಶ್ನೆ: ಏಪ್ರಿಲ್ ಬಂತೆಂದರೆ ಡ್ರೋಸೆರಾ ಎಲೆಗಳ ಮೇಲಿನ ಅಂಟುಹನಿ ಮಾಯ. ಹ್ಯುಮಿಡಿಫೈಯರ್ ಇಟ್ಟೆವು, ಮೀಟರ್ ಶೇ 70 ತೋರಿಸುತ್ತದೆ. ಎಲೆಗಳ ಮೇಲೆ ಬಿಳಿ ಪುಡಿ ಕೂರುತ್ತಿದೆ.
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ಪುಡಿ ನೀರಿನ ಲವಣ. ಅಲ್ಟ್ರಾಸಾನಿಕ್ ಯಂತ್ರ ನೀರನ್ನು ಲವಣದ ಸಮೇತ ಚಿಮ್ಮಿಸುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ 50 ಪಿಪಿಎಂ ಒಳಗಿರುವ ನೀರು ಮಾತ್ರ ಬಳಸಿ. ಮನೆಯ ಆರ್‌ಒ ನಲ್ಲಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ: ಎಷ್ಟೋ ಯಂತ್ರಗಳಲ್ಲಿ ಶುದ್ಧವಾದ ನೀರಿಗೆ ರುಚಿಗೆಂದು ಖನಿಜ ಮತ್ತೆ ಬೆರೆಯುತ್ತದೆ. ನೀರು ಸೋಸುವ ಮೆಂಬ್ರೇನ್ ದಾಟಿದ ಕೂಡಲೇ ಟಿ ಆಕಾರದ ಒಂದು ಕವಲು ಕೊಳವೆ ಜೋಡಿಸಿ ನೀರು ಹಿಡಿಯಿರಿ.

ತೇವಾಂಶದ ಮೀಟರನ್ನೂ ಪರೀಕ್ಷಿಸಿ. ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಅಡುಗೆ ಉಪ್ಪು, ಒದ್ದೆ ಮರಳಿನಂತಾಗುವಷ್ಟು ನೀರಿನ ಹನಿ. ಉಪ್ಪು ಪೂರ್ತಿ ಕರಗಬಾರದು. ಮೀಟರ್ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ ಎಂಟು ಗಂಟೆ ಬಿಟ್ಟರೆ ಶೇ 75 ತೋರಿಸಬೇಕು. 83 ತೋರಿಸಿದರೆ ನಿಮ್ಮ 70 ನಿಜಕ್ಕೂ 62.

ಡೊಂಬಿವಲಿಯವರಿಗೆ ಬೇಡವೆಂದ ಆವಿಯ ತಂಪು ನಿಮಗೆ ಒದಗುತ್ತದೆ. ಪುಣೆಯ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ, ಶೇ 20 ಇರುವಾಗ ಆವಿ ತಂಪಿನ ಮಿತಿ ಸುಮಾರು 21. ಕೂಲರಿಗೆ ಹಾಕುವ ಲಾವಂಚದ ಪ್ಯಾಡಿನ ಒಂದು ತುಂಡು, ಅದರ ಹಿಂದೆ 120 ಮಿ.ಮೀ. ಫ್ಯಾನ್, ಮೇಲಿಂದ ನೀರು ಜಿನುಗಿಸಲು ಅಕ್ವೇರಿಯಂ ಪಂಪು. ಮಿತಿಯವರೆಗೆ ಇಳಿಯದಿದ್ದರೂ 27–28 ಸಿಗುತ್ತದೆ. ಇದಕ್ಕೆ ನಲ್ಲಿ ನೀರೇ ಸಾಕು, ಲವಣ ಪ್ಯಾಡಿನಲ್ಲೇ ಉಳಿಯುತ್ತದೆ. ಜೂನ್ ಮಳೆ ಹಿಡಿದ ದಿನ ತೆಗೆದಿಡಿ, ಇಲ್ಲದಿದ್ದರೆ ಬೂಷ್ಟು.

ಇಷ್ಟಾಗಿಯೂ ಹನಿ ಬಾರದಿದ್ದರೆ ಬೆಳಕು ಸಾಲುತ್ತಿಲ್ಲ ಎಂದರ್ಥ. 6500 ಕೆ (ಹಗಲಿನಂಥ ಬಿಳಿ ಬೆಳಕಿನ) ಎಲ್ಇಡಿ, ಗಿಡದಿಂದ 20–25 ಸೆಂ.ಮೀ. ಎತ್ತರ, ದಿನಕ್ಕೆ 13–14 ಗಂಟೆ.

ಪ್ರಶ್ನೆ: ವೀನಸ್ ಫ್ಲೈಟ್ರ್ಯಾಪನ್ನು ಚಳಿಗಾಲದಲ್ಲಿ ಫ್ರಿಜ್ಜಿನಲ್ಲಿಡಬೇಕಂತೆ, ಹೌದೇ?
– ಓದುಗರು, ಮಾಪುಸಾ

ಉತ್ತರ: ಗೋವಾದಲ್ಲಿ ಹೌದು. ಅಮೆರಿಕದ ಕರೊಲಿನಾ ರಾಜ್ಯಗಳ ಈ ಗಿಡಕ್ಕೆ ಮೂರು ತಿಂಗಳ ಚಳಿನಿದ್ದೆ ಬೇಕು. ನಿಮ್ಮಲ್ಲಿ ಡಿಸೆಂಬರ್ ರಾತ್ರಿಯೂ 20ರ ಆಸುಪಾಸು. ನವೆಂಬರಿನಲ್ಲಿ ಬೆಳಕು, ನೀರು ಕಡಿಮೆ ಮಾಡುತ್ತ ಬನ್ನಿ. ಡಿಸೆಂಬರ್ ಮೊದಲ ವಾರ ಬೇರು ತೊಳೆದು, ಕಪ್ಪಾದ ಎಲೆ ಕತ್ತರಿಸಿ, ಹಿಂಡಿದ ಸ್ಫ್ಯಾಗ್ನಂ ಪಾಚಿಯಲ್ಲಿ ಸುತ್ತಿ ಜಿಪ್ ಚೀಲದಲ್ಲಿ ಹಾಕಿ ತರಕಾರಿ ಡಬ್ಬದಲ್ಲಿಡಿ. 4–6 ಡಿಗ್ರಿ, 10–12 ವಾರ. ಎರಡು ವಾರಕ್ಕೊಮ್ಮೆ ಬೂಷ್ಟು ನೋಡಿ. ಫ್ರೀಜರ್ ಕಂಪಾರ್ಟ್‌ಮೆಂಟ್ ಮಾತ್ರ ಬೇಡ.

ಪ್ರಶ್ನೆ: ಕರೆಂಟು ಉಳಿಸಲು ರಾತ್ರಿ ತೊಟ್ಟಿಯೊಳಗೆ ಗಾಳಿಯಾಡಿಸುವ ಫ್ಯಾನ್ ನಿಲ್ಲಿಸಬಹುದೇ?
– ಓದುಗರು, ಮುಲುಂಡ್

ಉತ್ತರ: ಬೇಡ. ಎಲೆಯ ಮೇಲೆ ನೀರು ಕಟ್ಟಿ ಬೂದುಬೂಷ್ಟು ಹಿಡಿಯುವುದೇ ರಾತ್ರಿ. ಆ ಫ್ಯಾನ್ ತಿನ್ನುವುದು ಎರಡು ಮೂರು ವ್ಯಾಟ್. ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚು, ಇದೆಯೇ ನೋಡಿ. ವೈರು ಪ್ಲಗ್ಗಿಗೆ ಹೋಗುವ ಮುಂಚೆ ಕೆಳಗೆ ಜೋತುಬಿದ್ದು ಮೇಲೇರಲಿ, ಇಳಿದ ನೀರು ಸಾಕೆಟ್ಟಿಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ.