ಎರಡಡಿ ವೀಣೆ ಮತ್ತು ವಾಪಸ್ ಬರದ ಜಿಎಸ್‌ಟಿ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ಮೇಜಿನ ಮೇಲೆ ಬೇರೆಯಾಗಿ ಎತ್ತಿಟ್ಟುಕೊಂಡಿದ್ದೆ. ದಾವಣಗೆರೆಯ ಓದುಗರೊಬ್ಬರದು. ಹೆಸರು ಹಾಕಬೇಡಿ ಅಂತ ಕೊನೆಯಲ್ಲಿ ಎರಡು ಗೆರೆ ಎಳೆದು ಬರೆದಿದ್ದಾರೆ. ಪತ್ರ ಇಷ್ಟು:

"ಮಗಳಿಗೆ ಹನ್ನೊಂದು ವರ್ಷ. ವೀಣೆ ಕಲೀತೀನಿ ಅಂತ ಹಟ. ಒಂದು ರಾತ್ರಿ ರೀಲ್ಸ್ ನೋಡುವಾಗ ಜಾಹೀರಾತು ಕಾಣಿಸಿತು. ತಂಜಾವೂರು ಏಕಾಂಡ ವೀಣೆ, ಹಬ್ಬದ ರಿಯಾಯಿತಿ, 6,499 ರೂಪಾಯಿ ಮಾತ್ರ, ಇನ್ನು ಮೂರೇ ಉಳಿದಿವೆ ಅಂತ ಇತ್ತು. ಯುಪಿಐನಲ್ಲಿ ದುಡ್ಡು ಕಳಿಸಿದೆ. ಎರಡು ದಿನ ಬಿಟ್ಟು ಫೋನ್ ಬಂತು. ಜಿಎಸ್‌ಟಿ 1,950 ಕಟ್ಟಿ, ವೀಣೆ ಕೈ ಸೇರಿದ ಮೇಲೆ ವಾಪಸ್ ಬರುತ್ತೆ ಅಂದರು. ಅದನ್ನೂ ಕಳಿಸಿದೆ. ಕೊನೆಗೆ ಪಾರ್ಸೆಲ್ ಬಂತು. ಬಿಚ್ಚಿದರೆ ಎರಡಡಿ ಉದ್ದದ ಶೋಪೀಸ್! ಆಮೇಲೆ ಆ ನಂಬರ್ ಎತ್ತುತ್ತಿಲ್ಲ. ಮೈಸೂರಿಗೆ ಹೋಗಿಬರುವ ಬಸ್ ಚಾರ್ಜ್ ಉಳಿಸಲು ಹೋಗಿ ಎಂಟೂವರೆ ಸಾವಿರ ಕಳೆದೆ ಅಂತ ಯಜಮಾನರು ಇವತ್ತಿಗೂ ಆಡಿಕೊಳ್ಳುತ್ತಾರೆ. ಇದಾಗಿ ಮೂರು ವಾರ ಆಯಿತು. ನಮ್ಮಂಥವರು ವಾದ್ಯ ಎಲ್ಲಿ ಕೊಳ್ಳಬೇಕು? ಆನ್‌ಲೈನ್ ಬೇಡವೇ ಬೇಡವಾ?"

ತಂಗಿ ಅನ್ನಬಹುದು ಅಲ್ವಾ ನಿಮ್ಮನ್ನು? ಮೊದಲು ಸ್ವಲ್ಪ ಬೈದುಬಿಡುತ್ತೇನೆ, ಆಮೇಲೆ ಸಮಾಧಾನದ ಮಾತು. ಮೂರು ವಾರ ಯಾಕೆ ಸುಮ್ನೆ ಕೂತಿರಿ? ದುಡ್ಡು ಹೋಯಿತು ಅಂತ ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಬೇಕಿತ್ತು. ಸೈಬರ್ ವಂಚನೆಗೆ ಅಂತಲೇ ಇರುವ ನಂಬರ್ ಅದು. ಕದ್ದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುಂಚೆ ಹೇಳಿದರೆ ತಡೆಹಿಡಿಯುವ ಅವಕಾಶ ಇರುತ್ತದೆ. ಹೊತ್ತು ಹೋದಷ್ಟೂ ಆ ಅವಕಾಶ ಕರಗುತ್ತದೆ. ನೀವು ನಾಚಿಕೆಯಿಂದ ಕೂತಿರಿ. ನಾಚಿಕೆ ಪಡಬೇಕಾದವನು ಆ ಹೊತ್ತಿಗೆ ಇನ್ನೊಬ್ಬರಿಗೆ ಅದೇ ಫೋಟೋ ಕಳಿಸುತ್ತಿದ್ದ. ಈಗಲೂ ದೂರು ಕೊಡಿ. ಕಳಿಸಿದ ದುಡ್ಡಿನ ವಿವರ, ಚಾಟ್, ಪಾರ್ಸೆಲ್ ಮೇಲಿನ ಚೀಟಿ ಎಲ್ಲ ಇಟ್ಟುಕೊಳ್ಳಿ. ಗ್ರಾಹಕರ ಸಹಾಯವಾಣಿ 1915 ಕೂಡ ಇದೆ.

ಇನ್ನು ಆ ಜಿಎಸ್‌ಟಿ. ಕೈಯಲ್ಲಿ ಮಾಡಿದ ನಮ್ಮ ದೇಶಿ ವಾದ್ಯಗಳಿಗೆ ಜಿಎಸ್‌ಟಿಯೇ ಇಲ್ಲ. ವೀಣೆಗೂ ಇಲ್ಲ, ತಂಬೂರಿಗೂ ಇಲ್ಲ, ಮೃದಂಗಕ್ಕೂ ಇಲ್ಲ. ಇಲ್ಲದ ತೆರಿಗೆ ಕಟ್ಟಿಸಿಕೊಂಡು, ಅದನ್ನು ಮತ್ತೆ ವಾಪಸ್ ಕೊಡುತ್ತೇನೆ ಅಂದನಲ್ಲ, ಅವನ ಧೈರ್ಯಕ್ಕೆ ಒಂದು ನಮಸ್ಕಾರ. ವಾದ್ಯ ಮಾರುವವನು ಎರಡನೇ ಸಲ ದುಡ್ಡು ಕೇಳಿದ ಅಂದರೆ, ಹೆಸರು ಏನೇ ಇಟ್ಟಿರಲಿ, ಇನ್ಶೂರೆನ್ಸ್ ಅನ್ನಲಿ, ಗೋಡೌನ್ ಬಾಡಿಗೆ ಅನ್ನಲಿ, ಅಲ್ಲಿಗೆ ಫೋನ್ ಇಟ್ಟುಬಿಡಿ. ಮೊದಲನೆಯದು ಹೋದರೆ ಹೋಗಲಿ.

ಆ ಶೋಪೀಸ್ ಕಳಿಸಿದ್ದು ಯಾಕೆ ಗೊತ್ತಾ? ಏನೂ ಕಳಿಸದೆ ಇರಬಹುದಿತ್ತಲ್ಲ. ಪಾರ್ಸೆಲ್ ತಲುಪಿದ್ದಕ್ಕೆ ಸಹಿ ಬಿತ್ತು ಅಂದರೆ ಅವನ ಕೈಯಲ್ಲಿ ಒಂದು ದಾಖಲೆ. 'ವೀಣೆ ಅಂದೆ, ವೀಣೆ ಕಳಿಸಿದೆ' ಅನ್ನಬಹುದು. ಜಾಹೀರಾತಿನಲ್ಲಿ ಉದ್ದ ಎಷ್ಟು ಅಂತ ಬರೆದಿರಲಿಲ್ಲ ತಾನೇ? ನುಡಿಸುವ ವೀಣೆ ಸುಮಾರು ನಾಲ್ಕು ಅಡಿ ಇರುತ್ತದೆ.

ಆನ್‌ಲೈನ್ ಬೇಡವೇ ಬೇಡವಾ ಅಂದಿರಿ. ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಫೋನಿನಲ್ಲಿ ವ್ಯಾಪಾರ ಮಾಡುವವರೆಲ್ಲ ಕಳ್ಳರಲ್ಲ. ಒಳ್ಳೆಯ ತಯಾರಕರೂ ಈಗ ವಾಟ್ಸಾಪ್‌ನಲ್ಲಿ ಆರ್ಡರ್ ತೆಗೆದುಕೊಳ್ಳುತ್ತಾರೆ. ಅಮೆರಿಕದಲ್ಲಿರುವ ಕನ್ನಡದ ಮಕ್ಕಳಿಗೆ ವೀಣೆ ಹೋಗುವುದು ಹಾಗೆಯೇ. ಆಯಿತು, ಹೇಳಿದೆ. ಈಗ ನನ್ನ ಮನಸ್ಸಿನ ಮಾತಿಗೆ ಬರುತ್ತೇನೆ.

ಮಾಡಿದ ಕೈ ಯಾರದು ಅಂತ ಗೊತ್ತಿಲ್ಲದ ವಾದ್ಯವನ್ನು ಕೊಳ್ಳಬೇಡಿ. ನನ್ನದು ಇದೊಂದೇ ಹಟ. ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ, ನಮ್ಮ ಕಚೇರಿಯ ಹುಡುಗರು ನಗುತ್ತಾರೆ.

ವೀಣೆಯ ಮೈಯನ್ನು ಒಮ್ಮೆ ಹತ್ತಿರದಿಂದ ನೋಡಿ. ಹಲಸಿನ ಮರ. ಒಂದೇ ದಿಮ್ಮಿಯಲ್ಲಿ ಕೊಡ, ದಂಡಿ, ತಲೆ ಎಲ್ಲ ಕೆತ್ತಿದರೆ ಅದು ಏಕಾಂಡ. ನಿಮ್ಮ ಜಾಹೀರಾತಿನವನು ಈ ಪದವನ್ನು ಎಷ್ಟು ಸಲೀಸಾಗಿ ಬಳಸಿದ ನೋಡಿ. ಅಷ್ಟು ದೊಡ್ಡ, ಒಡಕಿಲ್ಲದ, ಒಣಗಿದ ದಿಮ್ಮಿ ಹುಡುಕುವುದೇ ಒಂದು ಕೆಲಸ. ದಂಡಿಯ ಮೇಲೆ ಎರಡು ಕಡೆ ಮೇಣದ ಏರಿ. ಜೇನುಮೇಣಕ್ಕೆ ಇದ್ದಿಲ ಪುಡಿ ಸೇರಿಸಿದ ಕಪ್ಪು ಮೇಣ ಅದು. ಅದರ ಮೇಲೆ, ಬೆರಳೊತ್ತಿ ಸ್ವರ ಹಿಡಿಯುವ 24 ಮೆಟ್ಟಿಲು. ಒಂದೊಂದನ್ನೂ ತಂತಿ ಮೀಟಿ ಕೇಳಿ, ಕೂದಲೆಳೆಯಷ್ಟು ಆಚೆ ಸರಿಸಿ, ಮತ್ತೆ ಮೀಟಿ, ಈಚೆ ಸರಿಸಿ ಕೂರಿಸಬೇಕು. ಇದಕ್ಕೆ ಮೇಳ ಕಟ್ಟುವುದು ಅನ್ನುತ್ತಾರೆ. ಇದಕ್ಕೆ ಯಂತ್ರ ಇಲ್ಲ, ಇರುವುದು ಕಿವಿ ಮಾತ್ರ. ಬೇಸಗೆಯಲ್ಲಿ ಲಾರಿಯೊಳಗೆ ಮೂರು ದಿನ ಬೆಂದರೆ ಆ ಮೇಣ ಮೆತ್ತಗಾಗುತ್ತದೆ, ಮೆಟ್ಟಿಲು ಜರುಗುತ್ತದೆ. ನುಡಿಸುತ್ತಾ ನುಡಿಸುತ್ತಾ ಮೆಟ್ಟಿಲು ಸವೆಯುತ್ತದೆ. ಕೆಲವು ವರ್ಷಕ್ಕೊಮ್ಮೆ ಮೇಳ ಮತ್ತೆ ಕಟ್ಟಿಸಲೇಬೇಕು. ಆಗ ಯಾರ ಹತ್ತಿರ ಹೋಗುತ್ತೀರಿ? ಬ್ಲಾಕ್ ಆದ ನಂಬರ್ ಹತ್ತಿರವಾ?

ಹೀಗಿರುವ ವಸ್ತು 6,499ಕ್ಕೆ ಹೇಗೆ ಬಂದೀತು ತಂಗೀ? ಮರದ ದುಡ್ಡೂ ಹುಟ್ಟುವುದಿಲ್ಲ. ಕಲಿಯುವ ಮಕ್ಕಳ ಹೊಸ ವೀಣೆಗೇ ಇಪ್ಪತ್ತು ಸಾವಿರದ ಮೇಲೆ ಇಟ್ಟುಕೊಳ್ಳಿ. ಅದಕ್ಕಿಂತ ತೀರಾ ಕೆಳಗೆ ಯಾರಾದರೂ ಹೇಳಿದರೆ ಖುಷಿ ಬೇಡ, ಅನುಮಾನ ಇರಲಿ.

ನಾನೇನು ಭಾರಿ ಜಾಣ ಅಂತ ಅಂದುಕೊಳ್ಳಬೇಡಿ. ಆನ್‌ಲೈನ್ ಅನ್ನುವ ಪದ ಹುಟ್ಟುವ ಮುಂಚೆಯೇ ಮೋಸ ಹೋದವನು ನಾನು. ಕೆಲಸ ಸಿಕ್ಕ ಹೊಸತು, ಮೂರನೆಯದೋ ನಾಲ್ಕನೆಯದೋ ಸಂಬಳ. ಒಂದು ವಸ್ತುಪ್ರದರ್ಶನದಲ್ಲಿ ಒಬ್ಬ ಮಿರಜ್ ತಂಬೂರಿ ಅಂತ ಮೀಟಿ ತೋರಿಸಿದ. ಅದು ಝೇಂಕರಿಸಿದ ರೀತಿಗೆ ಕಣ್ಣು ಮಂಜಾಯಿತು. ಕೇಳಿದಷ್ಟು ಕೊಟ್ಟು, ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಮರುದಿನ ನಮ್ಮ ಗುರುಗಳಿಗೆ ತೋರಿಸಿದೆ. ಅವರು ಮೀಟಲೇ ಇಲ್ಲ. ತಂಬೂರಿಯ ಕೆಳಗಿನ ಸೋರೆ ಬುರುಡೆಗೆ ಕಿವಿ ಇಟ್ಟು, ಬೆರಳ ಗೆಣ್ಣಿನಿಂದ ತಟ್ಟುತ್ತಾ ಸುತ್ತಲೂ ಬಂದರು. ಟಣ್, ಟಣ್, ಟಣ್, ಡಬ್. ಆ 'ಡಬ್' ಅಂದ ಜಾಗದಲ್ಲಿ ಉಗುರಿನಿಂದ ಕೆರೆದರು. ಪಾಲಿಶ್ ಎದ್ದು, ಕೆಳಗೆ ಬಿರುಕಿಗೆ ಮೆತ್ತಿದ ಪುಟ್ಟಿ ಬಂತು. ನನ್ನ ಮುಖ ನೋಡಿ, "ಕಾಫಿ ಕುಡೀತೀಯೇನಯ್ಯಾ" ಅಂದರು, ಅಷ್ಟೇ.

ಆಮೇಲೆ ನಿಜವಾದ ಮಿರಜ್‌ಗೂ ಹೋಗಿ ಬಂದೆ. ನಮ್ಮ ಗಡಿಯ ಪಕ್ಕದ ಊರು. ಧಾರವಾಡ, ಹುಬ್ಬಳ್ಳಿ ಕಡೆಯ ಹಾಡುಗಾರರಿಗೆ ತವರುಮನೆ ಇದ್ದ ಹಾಗೆ. ಹಿಂದೆ ಕತ್ತಿ, ಆಯುಧ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಸಿತಾರ್, ತಂಬೂರಿ ಮಾಡುವವರಾದ ಊರು. ಬುರುಡೆಗೆ ಬೇಕಾದ ದೊಡ್ಡ ಸೋರೆ ಪಂಢರಪುರದ ಕಡೆಯಿಂದ ಬರುತ್ತದೆ. ಅಲ್ಲಿ ಒಬ್ಬರು ಕುದುರೆಯ, ಅಂದರೆ ತಂತಿ ಹಾದುಹೋಗುವ ಸೇತುವೆಯ, ಮೇಲೆ ತಂತಿಯ ಕೆಳಗೆ ಹತ್ತಿಯ ದಾರ ಇಟ್ಟು ಜೀವಾಳ, ಅದೇ ಆ ಝೇಂಕಾರ, ಹಿಡಿಯುವುದನ್ನು ನೋಡುತ್ತಾ ಕೂತೆ. ದಾರವನ್ನು ಅಕ್ಕಿಕಾಳಿನಷ್ಟು ಸರಿಸಿದರೆ ನಾದ ಸತ್ತೇ ಹೋಗುತ್ತದೆ, ಇನ್ನೊಂದು ಚೂರು ಸರಿಸಿದರೆ ಜೇನುಗೂಡು ಎದ್ದ ಹಾಗೆ. ಮಧ್ಯಾಹ್ನದ ಊಟ ಮರೆತೆ. ಮಿರಜ್‌ನ ಸಿತಾರ್, ತಂಬೂರಿಗೆ 2024ರಲ್ಲಿ ಭೌಗೋಳಿಕ ಮಾನ್ಯತೆ, ಅದೇ ಜಿಐ ಟ್ಯಾಗ್, ಸಿಕ್ಕಿತು. ತಂಜಾವೂರು ವೀಣೆಗೆ 2013ರಲ್ಲೇ ಸಿಕ್ಕಿತ್ತು. ಒಳ್ಳೆಯದೇ. ಆದರೆ ಕಳ್ಳರಿಗೂ ಇದರಿಂದ ಅನುಕೂಲ ಆಯಿತು. ಊರಿನ ಹೆಸರು ಜಾಹೀರಾತಿನಲ್ಲಿ ಹಾಕಿಕೊಂಡರೆ ಆಯಿತು, ಕೇಳುವವರು ಯಾರು? ನೀವು ಕೇಳಿ. ಯಾವ ಬೀದಿ, ಯಾರ ಕೆಲಸದ ಮನೆ, ಯಾರಿಂದ ಕಲಿತಿರಿ ಅಂತ. ನಿಜವಾಗಿ ಮಾಡುವವರಿಗೆ ಇದನ್ನು ಹೇಳುವುದೇ ಖುಷಿ. ಅಪ್ಪ, ಅಜ್ಜನಿಂದ ಶುರು ಮಾಡಿ, ನಿಲ್ಲಿಸಿ ಅಂದರೂ ನಿಲ್ಲಿಸುವುದಿಲ್ಲ.

ನೀವು ಕೊಟ್ಟ ಕೊಂಡಿ ಹಿಡಿದು ಆ ಪುಟವನ್ನು ನಮ್ಮ ಹುಡುಗರು ನೋಡಿದರು. ಇನ್‌ಸ್ಟಾಗ್ರಾಮ್‌ನಲ್ಲಿ ಖಾತೆಯ ಹೆಸರು ಒತ್ತಿದರೆ ಅದು ಯಾವಾಗ ಶುರುವಾಯಿತು, ಹಿಂದೆ ಎಷ್ಟು ಸಲ ಹೆಸರು ಬದಲಿಸಿದರು ಅನ್ನುವುದು ಎಷ್ಟೋ ಸಲ ಸಿಗುತ್ತದೆ. ಇವರು ಐದು ಸಲ ಬದಲಿಸಿದ್ದಾರೆ! ಅದೇ ವೀಣೆಯ ಫೋಟೋ ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಇನ್ನೂ ಮೂರು ಅಂಗಡಿಗಳಲ್ಲಿ ಮೂರು ಬೆಲೆಗೆ ಇದೆ. ಲೋಗೋದಲ್ಲಿ ಸರಸ್ವತಿ ಕೂತಿದ್ದಾಳೆ, ಪಾಪ, ಅವಳಿಗೂ ಗೊತ್ತಿರಲಿಕ್ಕಿಲ್ಲ. ಇನ್ನೊಂದು ಪುಟದಲ್ಲಿ 'ನೂರು ವರ್ಷದ ವೀಣೆ, ಅಪ್ಪಟ ಆನೆದಂತದ ಕೆಲಸ' ಅಂತ ಇತ್ತು. ಆನೆದಂತ ಮಾರುವುದು ನಮ್ಮ ದೇಶದಲ್ಲಿ ನಿಷೇಧ. ಅವನು ಹೇಳಿದ್ದು ಸುಳ್ಳಾದರೆ ಮೋಸ, ನಿಜವಾದರೆ ಜೈಲು.

ದೂರದಿಂದಲೇ ಕೊಳ್ಳಬೇಕಾಗಿ ಬಂದರೆ ವಿಡಿಯೋ ಕಾಲ್ ಮಾಡಿಸಿ. ಅವರು ಮೊದಲೇ ತೆಗೆದಿಟ್ಟ ವಿಡಿಯೋ ಬೇಡ. ನಿಮ್ಮ ಎದುರೇ ಸಾರಣಿ, ಅಂದರೆ ನುಡಿಸುವ ಮುಖ್ಯ ತಂತಿ, ಮೀಟಿ, ಮೊದಲ ಮೆಟ್ಟಿಲಿನಿಂದ ಕೊನೆಯವರೆಗೆ ಒಂದೊಂದೇ ಒತ್ತಿ ತೋರಿಸಲಿ. ಮಗಳ ಟೀಚರ್ ಪಕ್ಕದಲ್ಲಿ ಕೂತಿರಲಿ. ತಂತಿ ಬಿಗಿಯುವ ಬಿರಡೆ ತಿರುಗಿಸಿ ಬಿಟ್ಟರೆ ನಿಲ್ಲುತ್ತದೋ ಜಾರುತ್ತದೋ ನೋಡಿ. ದುಡ್ಡು ಕಳಿಸುವಾಗ ತೆರೆಯ ಮೇಲೆ ಬರುವ ಹೆಸರಿಗೂ ಮಾತಾಡಿದವರ ಹೆಸರಿಗೂ ಸಂಬಂಧ ಇರಬೇಕು. ಬಂದ ಪೆಟ್ಟಿಗೆಯನ್ನು ತೆರೆಯುವಾಗ ಯಾರಾದರೂ ವಿಡಿಯೋ ಮಾಡಲಿ. ಕೊಳಲಿಗೂ ಹೀಗೆಯೇ. ಕರ್ನಾಟಕ ಸಂಗೀತದ ಕೊಳಲಿಗೆ ಬೆರಳಿಡುವ ತೂತು ಎಂಟು, ಹಿಂದೂಸ್ತಾನಿಯ ಬಾನ್ಸುರಿಗೆ ಆರು, ಕೆಲವಕ್ಕೆ ಏಳು. ಇನ್ನೂರು ರೂಪಾಯಿಯ ಕೊಳಲಿನಲ್ಲಿ ಕೆಳಗಿನ ಸ ಮತ್ತು ಮೇಲಿನ ಸ ಒಂದಕ್ಕೊಂದು ಮಾತು ಬಿಟ್ಟಿರುತ್ತವೆ. ಮಗು ಆರು ತಿಂಗಳು ಅದನ್ನು ಊದಿದರೆ ಕಿವಿಯೇ ಹಾಳು.

ನಿಜವಾಗಿ ನನಗೆ ಸಿಟ್ಟು ಬರುವುದು ಆ ಕಳ್ಳನ ಮೇಲೆ ಅಲ್ಲ. ಅವನು ಅವನ ಕಸುಬು ಮಾಡಿದ. ನಮ್ಮ ಮೇಲೆ ಸಿಟ್ಟು. ವೀಣೆ ಶೇಷಣ್ಣನವರ ಕಥೆ ಮೈಸೂರಿನಲ್ಲಿ ಈಗಲೂ ಹೇಳುತ್ತಾರೆ. ಬರೋಡದ ಮಹಾರಾಜರು ಅವರಿಗೆ ಪಲ್ಲಕ್ಕಿ ಕೊಟ್ಟರಂತೆ. ಅದರಲ್ಲಿ ಕೂತು ಮೆರವಣಿಗೆಯಲ್ಲಿ ಬನ್ನಿ ಅಂತ ಮೈಸೂರು ಅರಸರು ಹೇಳಿದಾಗ, ಶೇಷಣ್ಣನವರು ವೀಣೆಯನ್ನು ಪಲ್ಲಕ್ಕಿಯಲ್ಲಿ ಕೂರಿಸಿ ತಾವು ಪಕ್ಕದಲ್ಲಿ ನಡೆದುಕೊಂಡು ಬಂದರಂತೆ. ಅದೇ ನಾಡಿನವರು ನಾವು. ಬೆಂಗಳೂರಿನಲ್ಲಿ ಚೌಡಯ್ಯನವರ ಹೆಸರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿದವರು. ಆದರೆ ಪಿಟೀಲು ರಿಪೇರಿ ಮಾಡುವವರ ಅಂಗಡಿ ಎಲ್ಲಿದೆ ಅಂತ ಕೇಳಿದರೆ ಮುಖ ಮುಖ ನೋಡುತ್ತೇವೆ. ಕಛೇರಿಯ ಆಹ್ವಾನಪತ್ರ ತೆಗೆದು ನೋಡಿ. ಪ್ರಾಯೋಜಕರ ಹೆಸರು ಇರುತ್ತದೆ, ಧ್ವನಿವರ್ಧಕದವರ ಹೆಸರು ಇರುತ್ತದೆ, ಕಾಫಿ ಕೊಟ್ಟವರ ಹೆಸರೂ ಇರುತ್ತದೆ. ವೀಣೆ ಮಾಡಿದವರ ಹೆಸರು? ನಮ್ಮ ಪತ್ರಿಕೆ ಏನು ಕಡಿಮೆ? ವೀಣೆಯ ಬಗ್ಗೆ ವಿಶೇಷಾಂಕ ತಂದೆವು, ತುಂಬಾ ಹೊಗಳಿಸಿಕೊಂಡೆವು. ಮೊನ್ನೆ ತೆಗೆದು ನೋಡಿದೆ. ಒಬ್ಬ ತಯಾರಕರ ಹೆಸರೂ ಇಲ್ಲ. ಎಂಬತ್ತು ಸಾವಿರದ ಫೋನಿಗೆ ಕಂತು ಕಟ್ಟುವವರು ಮೇಳ ಕಟ್ಟಿದವರ ಹತ್ತಿರ ಐನೂರು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಅವರ ಮಕ್ಕಳು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ಅಂಗಡಿ ಮುಚ್ಚುತ್ತದೆ. ಹತ್ತಿರ ಅಂಗಡಿ ಇಲ್ಲ ಅಂತ ನಾವು ಫೋನ್ ತೆಗೆಯುತ್ತೇವೆ.

ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ಈಗಲೇ ಕೊಳ್ಳಬೇಡಿ. ಟೀಚರ್ ಹತ್ತಿರ ಹಳೆಯದು ಇದ್ದರೆ ಒಂದು ವರ್ಷ ಬಾಡಿಗೆಗೆ ಕೇಳಿ. ಇಲ್ಲದಿದ್ದರೆ ಅಟ್ಟಗಳ ಕಡೆ ಕಣ್ಣು ಹಾಯಿಸಿ. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಅತ್ತೆಯದೋ ಚಿಕ್ಕಮ್ಮನದೋ ವೀಣೆ ಹಳೇ ರೇಷ್ಮೆ ಸೀರೆ ಸುತ್ತಿಕೊಂಡು ಬೀರುವಿನ ಮೇಲೆ ಮಲಗಿದೆ. ನವರಾತ್ರಿಯಲ್ಲಿ ಒಂದು ದಿನ ಇಳಿಸಿ, ಕುಂಕುಮ ಹಚ್ಚಿ, ಮತ್ತೆ ಮೇಲೆ. ಹಲಸಿನ ಮರ ಹಳೆಯದಾದಷ್ಟೂ ನಾದ ಚೆನ್ನ. ತಂತಿ ಹೊಸದು ಹಾಕಿ ಮೇಳ ಕಟ್ಟಿಸಿದರೆ ಎದ್ದು ಕೂರುತ್ತದೆ.

ಈ ಉತ್ತರ ಓದುತ್ತಿರುವವರ ಮನೆಯಲ್ಲಿ ಹಾಗೊಂದು ಮಲಗಿದ್ದರೆ ನನಗೊಂದು ಕಾರ್ಡು ಹಾಕಿ. ದಂಡಿಯ ಕೆಳಗಿನ ಬುರುಡೆ ಒಡೆದಿದ್ದರೂ ಚಿಂತೆಯಿಲ್ಲ, ಹೊಸದು ಹಾಕಿಸಬಹುದು. ದಂಡಿ ಬಾಗಿರಬಾರದು, ಅಷ್ಟೇ. ನಾನೇ ಬಂದು ನೋಡುತ್ತೇನೆ, ಬೆರಳ ಗೆಣ್ಣಿನಿಂದ ಒಂದು ಸುತ್ತು ತಟ್ಟುತ್ತೇನೆ. ದಾವಣಗೆರೆಗೆ ಸಾಗಿಸುವ ಖರ್ಚು ಪತ್ರಿಕೆಯದು. ಹುಡುಗಿಯ ಅಪ್ಪ ಬಸ್ ಚಾರ್ಜ್ ಲೆಕ್ಕ ಹಾಕುವುದು ಬೇಡ.