ವೇಸ್ಟ್‌ಕೋಟಿನ ಕೊನೆಯ ಗುಂಡಿ ಹಾಕಬೇಕೋ ಬಿಡಬೇಕೋ?

ನಿಮ್ಮ ಆರತಕ್ಷತೆಗೆ ತ್ರೀ-ಪೀಸ್ ಸೂಟು ಹೊಲಿಸಿದ್ದೀರಿ: ಕೋಟು, ಪ್ಯಾಂಟು, ಕೋಟಿನೊಳಗೆ ಹಾಕುವ ತೋಳಿಲ್ಲದ ವೇಸ್ಟ್‌ಕೋಟು. ವೇಸ್ಟ್‌ಕೋಟಿನ ಕೆಳಗಿನ ಗುಂಡಿ ಹಾಕಬೇಡಿ ಅಂತ ಟೈಲರ್ ಹೇಳಿದ್ದಾರೆ. ಗುಂಡಿ ಬಿಚ್ಚಿಕೊಂಡು ಸ್ಟೇಜ್ ಮೇಲೆ ನಿಂತರೆ ನೆಂಟರು ಏನಂದುಕೊಂಡಾರು ಅಂತ ಸೋದರಮಾವ ಗದರುತ್ತಿದ್ದಾರೆ. ಯಾರ ಮಾತು ಕೇಳಲಿ, ಕೋಟಿಗೂ ಇದೇ ನಿಯಮವಾ ಅಂತ ಕೇಳಿದ್ದೀರಿ. ಕೋಟು ಕತ್ತರಿಸುವುದೇ ನನ್ನ ಕಸುಬು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಟೈಲರ್ ಹೇಳಿದ್ದೇ ಸರಿ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಇದೆಯಲ್ಲ, ಇಂಗ್ಲೆಂಡಿನ ರಾಜನ ಹೊಟ್ಟೆಯ ಕಥೆ, ಅದನ್ನು ಮಾವನಿಗೆ ಹೇಳಲು ಹೋಗಬೇಡಿ, ಅವರು ಒಪ್ಪುವುದಿಲ್ಲ. ಕಥೆ ಏಳನೇ ಎಡ್ವರ್ಡ್‌ನದ್ದು. ವಿಕ್ಟೋರಿಯಾ ರಾಣಿಯ ಹಿರಿಮಗ, 1901ರಲ್ಲಿ ಪಟ್ಟಕ್ಕೆ ಬರುವಷ್ಟರಲ್ಲಿ ಅರವತ್ತರ ಹತ್ತಿರ. ಊಟವೆಂದರೆ ಪ್ರಾಣ. ಬೆನ್ನ ಹಿಂದೆ ‘ಟಮ್ ಟಮ್’ ಅಂತ ಅಡ್ಡಹೆಸರು. ಉಡುಪಿನ ವಿಷಯದಲ್ಲಿ ಮಾತ್ರ ಮಹಾ ಕಟ್ಟುನಿಟ್ಟು. ಯುವರಾಜನಾಗಿದ್ದಾಗ ವೇಸ್ಟ್‌ಕೋಟಿನ ಕೊನೆಯ ಗುಂಡಿ ಹಾಕಲಾಗದೆ ಬಿಟ್ಟನಂತೆ, ಸುತ್ತ ಇದ್ದವರೂ ತಮ್ಮದನ್ನು ಬಿಚ್ಚಿಕೊಂಡರಂತೆ. ಕುದುರೆ ಹತ್ತಲು ಅನುಕೂಲವಾಗಲಿ ಅಂತ ಬಿಟ್ಟದ್ದು ಎನ್ನುವವರೂ ಇದ್ದಾರೆ. ಯಾವುದು ನಿಜವಾದರೂ ನಿಮಗೇನೂ ವ್ಯತ್ಯಾಸವಿಲ್ಲ. ಆ ರಾಜ 1910ರಲ್ಲೇ ತೀರಿಕೊಂಡ. ಪದ್ಧತಿ ಇನ್ನೂ ಉಳಿದಿದ್ದರೆ ಅದಕ್ಕೆ ಕಾರಣ ಕತ್ತರಿ. ಆ ಗುಂಡಿಯನ್ನು ಯಾರೂ ಹಾಕುವುದಿಲ್ಲ ಎಂದುಕೊಂಡೇ ನಾವು ಬಟ್ಟೆಗೆ ಕತ್ತರಿ ಇಡುತ್ತೇವೆ.

ನಂಬಿಕೆ ಬರದಿದ್ದರೆ ವೇಸ್ಟ್‌ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲಿ. ಮುಂಭಾಗದ ಅಂಚನ್ನು ಮೇಲಿಂದ ಕೆಳಗೆ ನೋಡುತ್ತಾ ಬನ್ನಿ. ಕೊನೆಯ ಗುಂಡಿಗಿಂತ ಸ್ವಲ್ಪ ಮೇಲಿನವರೆಗೆ ಎರಡೂ ಅಂಚು ನೇರವಾಗಿ ಇಳಿಯುತ್ತವೆ, ಅಲ್ಲಿಂದ ಒಂದು ಎಡಕ್ಕೆ ಒಂದು ಬಲಕ್ಕೆ ಓರೆಯಾಗಿ ಸರಿದು ಎರಡು ಮೂತಿಗಳಾಗುತ್ತವೆ. ಕೊನೆಯ ಕಾಜ, ಅಂದರೆ ಗುಂಡಿ ತೂರಿಸುವ ತೂತು, ಇರುವುದು ಆ ಓರೆಯ ಮೇಲೇ. ಈಗ ಬಲವಂತವಾಗಿ ಆ ಗುಂಡಿ ಹಾಕಿ. ಮೂತಿಗಳು ಒಂದರ ಮೇಲೊಂದು ಏರುತ್ತವೆ, ಗುಂಡಿಯ ಸುತ್ತ ಅಡ್ಡ ನೆರಿಗೆ ಬೀಳುತ್ತದೆ. ಕುರ್ಚಿ ಮೇಲೆ ಕೂತರಂತೂ ಇಡೀ ವೇಸ್ಟ್‌ಕೋಟು ಎದೆಗೆ ಏರಿ ಬರುತ್ತದೆ. ಇಷ್ಟನ್ನು ಮಾವನಿಗೆ ತೋರಿಸಿ, ರಾಜನ ಹೆಸರೇ ಬೇಕಾಗುವುದಿಲ್ಲ.

ಒಂದು ವೇಳೆ ನಿಮ್ಮ ವೇಸ್ಟ್‌ಕೋಟಿನ ಕೆಳ ಅಂಚು ಓರೆಯಿಲ್ಲದೆ ಅಡ್ಡಗೆರೆ ಎಳೆದಂತೆ ನೇರವಾಗಿದ್ದರೆ ಮಾವನೇ ಗೆದ್ದರು, ಎಲ್ಲ ಗುಂಡಿಯನ್ನೂ ಹಾಕಿ. ಎರಡು ಸಾಲು ಗುಂಡಿಯ ಡಬಲ್ ಬ್ರೆಸ್ಟ್ ವೇಸ್ಟ್‌ಕೋಟು ಹೆಚ್ಚಾಗಿ ಹಾಗಿರುತ್ತದೆ. ಬಾಲವಿರುವ ಕರಿ ಕೋಟಿನೊಳಗೆ ಬಿಳಿ ಬೋ ಜೊತೆ ಹಾಕುವ ಬಿಳಿ ವೇಸ್ಟ್‌ಕೋಟಿಗೂ ಎಲ್ಲ ಗುಂಡಿ ಹಾಕುವುದೇ ಕ್ರಮ.

ಕೋಟಿನ ಲೆಕ್ಕವೂ ಇದೇ. ಎರಡು ಗುಂಡಿಯ ಕೋಟಾದರೆ ಮೇಲಿನದು ಮಾತ್ರ. ಒಂದೇ ಗುಂಡಿಯದಾದರೆ ನಿಂತಾಗ ಅದನ್ನು ಹಾಕಲೇಬೇಕು. ಮೂರು ಗುಂಡಿಯದಕ್ಕೆ ಇಂಗ್ಲಿಷರು ಒಂದು ಸೂತ್ರ ಇಟ್ಟುಕೊಂಡಿದ್ದಾರೆ: ಮೇಲಿನದು ಕೆಲವೊಮ್ಮೆ, ನಡುವಿನದು ಯಾವಾಗಲೂ, ಕೆಳಗಿನದು ಎಂದೂ ಇಲ್ಲ. ಆ ‘ಕೆಲವೊಮ್ಮೆ’ ಅನ್ನುವುದನ್ನೂ ನಿಮ್ಮ ಇಷ್ಟಕ್ಕೆ ಬಿಟ್ಟಿಲ್ಲ, ಕೋಟೇ ಹೇಳುತ್ತದೆ. ಲ್ಯಾಪೆಲ್, ಅಂದರೆ ಎದೆಯ ಮೇಲೆ ಹೊರಕ್ಕೆ ಮಡಚಿದ ಅಂಚು, ಮೇಲಿನ ಗುಂಡಿಯನ್ನೂ ದಾಟಿ ನಡುಗುಂಡಿಯವರೆಗೆ ಮಡಚಿ ಬಂದಿದ್ದರೆ ಮೇಲಿನದನ್ನು ಮುಟ್ಟಬೇಡಿ. ಅಂಥ ಕೋಟಿನಲ್ಲಿ ಮೇಲಿನ ಕಾಜವನ್ನು ಹತ್ತಿರದಿಂದ ನೋಡಿ: ಒಳ್ಳೆಯ ಕೆಲಸಗಾರನಾಗಿದ್ದರೆ ಕಾಜದ ನೀಟಾದ ಮುಖವನ್ನು ಒಳಬದಿಗೆ ಮಾಡಿರುತ್ತಾನೆ, ಯಾಕೆಂದರೆ ಮಡಚಿದ ಮೇಲೆ ಜನರಿಗೆ ಕಾಣುವುದು ಆ ಬದಿಯೇ. ಇದನ್ನು ಗಮನಿಸುವವರು ಕಡಿಮೆ. ನನಗೆ ಮಾತ್ರ ಕೋಟಿನ ಇಡೀ ಯೋಗ್ಯತೆ ಆ ಒಂದು ಕಾಜದಲ್ಲಿ ಕಾಣುತ್ತದೆ.

ಕೆಳಗಿನ ಗುಂಡಿ ಹಾಕಿದರೆ ಏನಾಗುತ್ತದೆ ಅಂತೀರಾ? ಕೋಟಿನ ಹಿಡಿತವೆಲ್ಲ ಇರುವುದು ಸೊಂಟದ ಗುಂಡಿಯಲ್ಲಿ. ಅದರ ಕೆಳಗೆ ಅಂಚುಗಳು ತೊಡೆಯ ಕಡೆಗೆ ಸರಿಯುತ್ತಾ ಹೋಗುತ್ತವೆ. ಅಲ್ಲಿ ಎಳೆದು ಬಿಗಿದರೆ ಜೇಬುಗಳು ಬಾಯಿ ಬಿಡುತ್ತವೆ, ಹಿಂದಿನ ಸೀಳು ಅಗಲವಾಗುತ್ತದೆ, ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕುವುದೂ ಕಷ್ಟ. ಪ್ಯಾಡಕ್ ಕಟ್ ಅಂತ ಒಂದಿದೆ, ಅದರಲ್ಲಿ ಎರಡು ಗುಂಡಿಗಳನ್ನು ಮೇಲಕ್ಕೆ, ಹತ್ತಿರ ಹತ್ತಿರ ಇಟ್ಟಿರುತ್ತಾರೆ, ಎರಡನ್ನೂ ಹಾಕಬಹುದು. ನಿಮ್ಮ ಟೈಲರ್ ಅದನ್ನು ಹೊಲಿದಿರುವ ಸಾಧ್ಯತೆ ತೀರಾ ಕಡಿಮೆ.

ಡಬಲ್ ಬ್ರೆಸ್ಟ್ ಕೋಟಿನ ಕಥೆಯೇ ಬೇರೆ. ಅದರಲ್ಲಿ ಒಂದರ ಮೇಲೊಂದು ಹೊದ್ದುಕೊಳ್ಳುವ ಬಟ್ಟೆ ಜಾಸ್ತಿ, ಬಿಚ್ಚಿದರೆ ಜೋಲುತ್ತದೆ. ಹಾಗಾಗಿ ಕೂತಾಗಲೂ ಬಿಚ್ಚುವುದಿಲ್ಲ. ಒಳಗೊಂದು ಗುಂಡಿ ಇರುತ್ತದಲ್ಲ, ಅದನ್ನು ಮರೆಯಬೇಡಿ, ಮರೆತರೆ ಒಳಪದರ ಕೆಳಗೆ ಇಣುಕುತ್ತದೆ. ಆರು ಗುಂಡಿಯದರಲ್ಲಿ ಸಾಮಾನ್ಯವಾಗಿ ಸೊಂಟದ ಮಟ್ಟದ್ದನ್ನು ಹಾಕಿ ಕೆಳಗಿನದನ್ನು ಬಿಡುತ್ತಾರೆ. ಆದರೆ ಐದನೇ ಜಾರ್ಜ್‌ನ ಮಗ ಡ್ಯೂಕ್ ಆಫ್ ಕೆಂಟ್ ಕೆಳಗಿನದನ್ನೇ ಹಾಕಿ ಲ್ಯಾಪೆಲ್ಲನ್ನು ಉದ್ದಕ್ಕೆ ಇಳಿಬಿಡುತ್ತಿದ್ದ, ಆ ಕಟ್‌ಗೆ ಈಗಲೂ ಅವನದೇ ಹೆಸರು. ಕುಳ್ಳಗಿರುವವರಿಗೆ ಇದು ಚೆನ್ನಾಗಿ ಒಪ್ಪುತ್ತದೆ.

ಇನ್ನು ಮಾವನ ಸಿಟ್ಟು. ಅದು ಸುಮ್ಮನೆ ಬಂದದ್ದಲ್ಲ. ಹಳೇ ಮೈಸೂರು ಕಡೆಯ ಮೇಷ್ಟರು, ಶಾನುಭೋಗರು ಕಚ್ಚೆಪಂಚೆಯ ಮೇಲೆ ಹಾಕುತ್ತಿದ್ದ ಕ್ಲೋಸ್ ಕಾಲರ್ ಕೋಟು ಕುತ್ತಿಗೆಯಿಂದ ಕೆಳಗಿನವರೆಗೆ ಮುಚ್ಚಿರುತ್ತಿತ್ತು. ಅಲ್ಲಿ ಒಂದು ಗುಂಡಿ ಬಿಟ್ಟಿದ್ದರೆ ಮೈಮೇಲೆ ಎಚ್ಚರವಿಲ್ಲ ಅಂತಲೇ ಅರ್ಥ. ಇವತ್ತಿನ ಬಂದ್‌ಗಲಾ, ಜೋಧಪುರಿಗಳೂ ಹಾಗೆ, ಕಾಲರಿನ ಕೊಕ್ಕೆ ಸಮೇತ ಎಲ್ಲ ಹಾಕಿಯೇ ತೊಡಬೇಕು. ಮೇಲಾಗಿ ನಮ್ಮಲ್ಲಿ ಗುಂಡಿ ಬಿಚ್ಚಿಕೊಂಡು ತಿರುಗುವವನು ಎಂದರೆ ಪೋಕರಿ. ಮಾವ ತಮಗೆ ಗೊತ್ತಿರುವ ಕೋಟಿನ ನಿಯಮ ಹೇಳುತ್ತಿದ್ದಾರೆ, ಆ ಕೋಟಿಗೆ ಅದು ನೂರಕ್ಕೆ ನೂರು ಸರಿ.

ಸ್ಟೇಜಿನ ಮೇಲೆ ಏನು ಮಾಡಬೇಕು? ಬರೀ ಕೋಟು-ಪ್ಯಾಂಟಾಗಿದ್ದರೆ ನಿಂತಾಗ ಗುಂಡಿ ಹಾಕಿ, ಕೂತಾಗ ಬಿಚ್ಚಿ ಅಂತಿದ್ದೆ. ಮದುಮಗ ಸೋಫಾದಿಂದ ಏಳುವುದು, ಫೋಟೋಗೆ ನಿಲ್ಲುವುದು, ಮತ್ತೆ ಕೂರುವುದು, ಇದರಲ್ಲಿ ಗುಂಡಿ ಆಡಿಸುತ್ತಾ ಇದ್ದರೆ ಬಂದವರಿಗೆ ಕೈ ಮುಗಿಯುವುದು ಯಾವಾಗ? ಒಳಗೆ ವೇಸ್ಟ್‌ಕೋಟು ಇರುವುದರಿಂದ ಕೋಟನ್ನು ಬಿಚ್ಚಿಯೇ ಇಟ್ಟರೂ ತಪ್ಪಲ್ಲ, ಅಂಗಿ ಹೇಗೂ ಮುಚ್ಚಿರುತ್ತದೆ. ತ್ರೀ-ಪೀಸ್‌ನ ದೊಡ್ಡ ಅನುಕೂಲವೇ ಅದು. ಮನೆಯವರೆಲ್ಲ ನಿಲ್ಲುವ ಗುಂಪು ಫೋಟೋಗೆ ಮಾತ್ರ ಬೇಕಿದ್ದರೆ ಕೋಟಿನ ಒಂದು ಗುಂಡಿ ಹಾಕಿಕೊಳ್ಳಿ.

ನಿಜ ಹೇಳಬೇಕೆಂದರೆ ಗುಂಡಿಗಿಂತ ದೊಡ್ಡ ತಪ್ಪು ನಾನು ಆರತಕ್ಷತೆಗಳಲ್ಲಿ ನೋಡುವುದು ಇನ್ನೊಂದು. ಈಗಿನ ಪ್ಯಾಂಟುಗಳು ಸೊಂಟದಿಂದ ಕೆಳಗೆ ನಿಲ್ಲುತ್ತವೆ, ವೇಸ್ಟ್‌ಕೋಟು ಅಲ್ಲಿಯವರೆಗೆ ಬರುವುದಿಲ್ಲ. ನಡುವೆ ಬಿಳಿ ಅಂಗಿ, ಬೆಲ್ಟಿನ ಬಕಲ್, ಕೆಲವೊಮ್ಮೆ ಟೈ ತುದಿ, ಮೂರೂ ಇಣುಕುತ್ತಿರುತ್ತವೆ. ಕೆಳಗಿನ ಗುಂಡಿ ಬಿಟ್ಟರಂತೂ ಇನ್ನೂ ಎದ್ದು ಕಾಣುತ್ತದೆ. ಎಷ್ಟೋ ಮಂದಿ ಆ ಗುಂಡಿಯನ್ನು ಎಳೆದೆಳೆದು ಹಾಕುವುದು ಇದಕ್ಕೇ. ವೇಸ್ಟ್‌ಕೋಟು ಪ್ಯಾಂಟಿನ ಪಟ್ಟಿಯನ್ನು ಪೂರ್ತಿ ಮುಚ್ಚಬೇಕು. ಕೊನೆಯ ಟ್ರಯಲ್ ಇನ್ನೂ ಬಾಕಿ ಇದ್ದರೆ ಪ್ಯಾಂಟನ್ನು ಹೊಕ್ಕುಳ ಹತ್ತಿರ ನಿಲ್ಲುವಂತೆ ಮಾಡಿಸಿ, ಬೆಲ್ಟಿನ ಲೂಪ್ ತೆಗೆಸಿ ಪಕ್ಕದಲ್ಲಿ ಬಿಗಿ ಮಾಡುವ ಪಟ್ಟಿ ಹಾಕಿಸಿ.

ಕೇಳದೇ ಹೋದರೂ ಇನ್ನೊಂದು ಹೇಳಿಬಿಡುತ್ತೇನೆ: ಕೋಟಿನ ಹಿಂದಿನ ಸೀಳಿಗೆ ಬಿಳಿ ದಾರದಲ್ಲಿ ಅಡ್ಡಡ್ಡ ಹೊಲಿಗೆ ಹಾಕಿರುತ್ತಾರೆ. ಅದು ಇಸ್ತ್ರಿ ಕೆಡದಿರಲಿ ಅಂತ ಹಾಕಿದ್ದು, ಅಲಂಕಾರಕ್ಕಲ್ಲ. ತೋಳಿನ ಮೇಲಿನ ಕಂಪನಿ ಪಟ್ಟಿಯೂ ಅಷ್ಟೇ. ಹಿಂದಿನ ರಾತ್ರಿಯೇ ಎರಡನ್ನೂ ಸಣ್ಣ ಕತ್ತರಿಯಲ್ಲಿ ಬಿಡಿಸಿಬಿಡಿ, ಬ್ಲೇಡ್ ಮಾತ್ರ ಹಚ್ಚಬೇಡಿ.